ಮಹಾನಗರದಲ್ಲಿ ಹಿತವಾದ ಊಟವನ್ನು ಅರಸುವ ಬಗೆ

ಉತ್ತರ ಕರ್ನಾಟಕದ ಭಕ್ತ ಕುಟುಂಬಗಳಲ್ಲಿ ಒಬ್ಬ ಮಗನೋ ಮಗಳೋ ಬೆಂಗಳೂರಿನಲ್ಲಿ ಇರದ ಮನೆಗಳು ಇಂದು ವಿರಳ. ಓದಿಗೆಂದು, ಉದ್ಯೋಗಕ್ಕೆಂದು ಹೋದ ಮಕ್ಕಳು ಅಲ್ಲಿಯೇ ನೆಲೆಸುತ್ತಾರೆ. ಕೆಲವು ವರ್ಷಗಳ ಬಳಿಕ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಹಿರಿಯರೂ ಹೋಗಿ ತಿಂಗಳುಗಟ್ಟಲೆ ಇರುತ್ತಾರೆ. ಹಬ್ಬಕ್ಕೆ ಊರಿಗೆ ಬಂದಾಗ ಇವರಲ್ಲಿ ಅನೇಕರು ನಮ್ಮ ಚಿಕಿತ್ಸಾಲಯದ ಮೆಟ್ಟಿಲನ್ನೂ ಹತ್ತುತ್ತಾರೆ. ತರುಣರದು ಎದೆಯುರಿ, ಹೊಟ್ಟೆಯುಬ್ಬರ, ಹೊತ್ತಲ್ಲದ ಹೊತ್ತಿನ ಹಸಿವು. ಹಿರಿಯರದು ಮಲಬದ್ಧತೆ, ಅರುಚಿ, "ಅಲ್ಲಿಯ ಊಟ ಮೈಗೆ ಹತ್ತುವುದಿಲ್ಲ" ಎಂಬ ಕೊರಗು. ಔಷಧ ಬರೆದುಕೊಟ್ಟ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಅಷ್ಟು ದೊಡ್ಡ ಊರಿನಲ್ಲಿ ನಮಗೆ ಒಗ್ಗುವ ಊಟ ಎಲ್ಲಿ ಸಿಗುತ್ತದೆ?"

ಈ ಪ್ರಶ್ನೆಯನ್ನು ನಾಲಿಗೆಯ ಚಪಲವೆಂದು ತಳ್ಳಿಹಾಕುವಂತಿಲ್ಲ. ಆಯುರ್ವೇದದಲ್ಲಿ 'ಓಕಸಾತ್ಮ್ಯ' ಎಂಬ ಮಾತುಂಟು. ಬಹುಕಾಲದ ಅಭ್ಯಾಸದಿಂದ ಒಂದು ಶರೀರಕ್ಕೆ ಯಾವ ಆಹಾರ ಒಗ್ಗಿಹೋಗಿದೆಯೋ ಅದೇ ಓಕಸಾತ್ಮ್ಯ. ಹುಟ್ಟಿದಂದಿನಿಂದ ಬಿಳಿಜೋಳದ ರೊಟ್ಟಿ, ಕಾಳಿನ ಪಲ್ಯ, ಮಜ್ಜಿಗೆಯಲ್ಲಿ ಬೆಳೆದ ದೇಹವು ಒಂದೇ ವಾರದಲ್ಲಿ ಮೂರು ಹೊತ್ತೂ ಅಕ್ಕಿ ಮತ್ತು ಮೈದಾಕ್ಕೆ ತಿರುಗಿದರೆ ಜಠರಾಗ್ನಿ ತಬ್ಬಿಬ್ಬಾಗುವುದು ಸಹಜ. ಆದ್ದರಿಂದ ಪರಊರಿನಲ್ಲಿ ತನಗೊಗ್ಗಿದ ಊಟವನ್ನು ಹುಡುಕಿಕೊಳ್ಳುವುದು ಆರೋಗ್ಯರಕ್ಷಣೆಯ ಮೊದಲ ಹೆಜ್ಜೆಯೆಂದೇ ನಾವು ಭಾವಿಸುತ್ತೇವೆ. ಸಂತೋಷದ ಸಂಗತಿಯೆಂದರೆ, ಬೆಂಗಳೂರಿನಲ್ಲಿ ಇಂದು ಅಂತಹ ಊಟ ಇಲ್ಲದಿಲ್ಲ. ಅದನ್ನು ಗುರುತಿಸುವ ಕಣ್ಣು ಬೇಕು.

ಎಂಟು ಒರೆಗಲ್ಲುಗಳು

ಚರಕ ಸಂಹಿತೆಯ ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿ ಆಹಾರವನ್ನು ಪರೀಕ್ಷಿಸಲು ಎಂಟು ಅಂಶಗಳನ್ನು ಹೇಳಿದೆ: ಪ್ರಕೃತಿ, ಕರಣ, ಸಂಯೋಗ, ರಾಶಿ, ದೇಶ, ಕಾಲ, ಉಪಯೋಗಸಂಸ್ಥೆ ಮತ್ತು ಉಪಯೋಕ್ತಾ. ಹೋಟೆಲುಗಳೇ ಇರದ ಕಾಲದಲ್ಲಿ ಹೇಳಿದ ಈ ಎಂಟು ಅಂಶಗಳು ಇಂದಿನ ಹೋಟೆಲಿನ ಪರೀಕ್ಷೆಗೂ ಸರಿಯಾಗಿ ಒದಗುತ್ತವೆ.

ಪ್ರಕೃತಿ ಎಂದರೆ ಪದಾರ್ಥದ ಸಹಜ ಗುಣ. ಉದ್ದು ಗುರು, ಹೆಸರು ಲಘು. ಹಸಿವು ಮಂದವಾಗಿರುವ ದಿನ ಉದ್ದಿನ ವಡೆಗಿಂತ ಹೆಸರುಬೇಳೆಯ ಪೊಂಗಲ್ ಲೇಸು.

ಕರಣ ಎಂದರೆ ಸಂಸ್ಕಾರ, ಅಂದರೆ ಅಡುಗೆಯ ರೀತಿ. ಹೋಟೆಲಿನ ಊಟದಲ್ಲಿ ನಾವು ಅತಿ ಹೆಚ್ಚು ಗಮನಿಸಬೇಕಾದುದು ಇದನ್ನೇ. ಕರಿಯುವ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಂತೆ ಅದು ಕಪ್ಪಾಗಿ, ಮಂದವಾಗಿ, ನೊರೆಗಟ್ಟಿ, ಕಮಟು ವಾಸನೆ ಬೀರುತ್ತದೆ. ಎಣ್ಣೆ ಹೀಗೆ ಕೆಟ್ಟಾಗ ಹುಟ್ಟುವ ಧ್ರುವೀಯ ಸಂಯುಕ್ತಗಳು ಶೇ. 25ನ್ನು ಮೀರಿದರೆ ಆ ಎಣ್ಣೆಯನ್ನು ಬಳಸಕೂಡದೆಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವೇ ಹೇಳುತ್ತದೆ. ಗ್ರಾಹಕನು ಅಳೆಯಲಾರ, ಆದರೆ ಬಾಣಲೆಯನ್ನು ನೋಡಬಲ್ಲ, ಮೂಸಬಲ್ಲ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರವು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. 2025ರ ಫೆಬ್ರವರಿಯಲ್ಲಿ, ಕೆಲವು ಕಡೆ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುತ್ತಿರುವುದು ಆಹಾರ ಸುರಕ್ಷತಾ ಇಲಾಖೆಯ ತಪಾಸಣೆಯಲ್ಲಿ ಬೆಳಕಿಗೆ ಬಂದಿತು. ಹಬೆಯಲ್ಲಿ ಬೆಂದ ಇಡ್ಲಿಯಂತಹ ಹಿತವಾದ ತಿಂಡಿಯೂ ಸಂಸ್ಕಾರ ಕೆಟ್ಟರೆ ಅಹಿತವಾಗುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಡ. "ಇಡ್ಲಿಗೆ ಬಟ್ಟೆ ಹಾಕುವಿರೋ, ಹಾಳೆಯೋ?" ಎಂದು ಕೇಳಲು ಸಂಕೋಚ ಬೇಡ. ಶುದ್ಧವಾಗಿ ನಡೆಸುವವರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಸಂಯೋಗ ಎಂದರೆ ಪದಾರ್ಥಗಳ ಕೂಡುವಿಕೆ. ಜೋಳವು ರೂಕ್ಷ ಗುಣದ ಧಾನ್ಯ. ಅದಕ್ಕೆಂದೇ ನಮ್ಮ ಹಿರಿಯರು ರೊಟ್ಟಿಯ ಜೊತೆಗೆ ಬೆಣ್ಣೆ, ಎಣ್ಣೆ ಕಲಸಿದ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಎಣ್ಣೆಗಾಯಿ, ಹಸಿ ಮೆಂತ್ಯದ ಸೊಪ್ಪು, ಮಜ್ಜಿಗೆಗಳನ್ನು ಇಟ್ಟರು. ತೂಕ ಇಳಿಸುವ ಹಂಬಲದಿಂದ ಒಣ ರೊಟ್ಟಿಯನ್ನು ಮಾತ್ರ ತಿಂದು, ನೀರನ್ನೂ ಕಡಿಮೆ ಕುಡಿದು, ಮಲಬದ್ಧತೆಯೆಂದು ನಮ್ಮಲ್ಲಿಗೆ ಬರುವ ತರುಣರು ಹಲವರು. ಅಲ್ಲಿ ತಪ್ಪಿರುವುದು ಸಂಯೋಗ. ದೋಷವನ್ನು ರೊಟ್ಟಿಯ ಮೇಲೆ ಹೊರಿಸಬಾರದು.

ರಾಶಿ ಎಂದರೆ ಪ್ರಮಾಣ. ಮಿತಿಯಿಲ್ಲದೆ ಬಡಿಸುವ ಊಟವನ್ನು, ಕೊಟ್ಟ ಹಣ ತೀರಲೆಂದು ಉಣ್ಣುವುದು ಅನೇಕರ ರೂಢಿ. ಘನ ಆಹಾರಕ್ಕೆ ಒಂದು ಭಾಗ, ದ್ರವಕ್ಕೆ ಒಂದು ಭಾಗ, ವಾತ ಪಿತ್ತ ಕಫಗಳ ಚಲನೆಗೆ ಒಂದು ಭಾಗ ಎಂದು ಉದರವನ್ನು ಮೂರಾಗಿ ಭಾವಿಸಬೇಕೆಂಬುದು ಚರಕರ ಉಪದೇಶ. ಹಣವನ್ನು ಮತ್ತೆ ಗಳಿಸಬಹುದು.

ದೇಶ ಮತ್ತು ಕಾಲ: ಧಾನ್ಯ ಎಲ್ಲಿಯದು, ಯಾವ ಋತು, ಯಾವ ಹೊತ್ತು ಎಂಬ ವಿಚಾರ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡು ಗಂಟೆಯೊಳಗೆ ಊಟದ ಹೋಟೆಲಿನ ಅಡುಗೆ ಹೊಸದಾಗಿರುತ್ತದೆ. ಮೂರೂವರೆಗೆ ಹೋದವನಿಗೆ ಸಿಗುವುದು ತಳದ ಸಾರು. ರಾತ್ರಿ ಒಂಬತ್ತೂವರೆಗೆ ಹೋದವನಿಗೆ ಅದೇ ಪಲ್ಯ ಮತ್ತೆ ಬಿಸಿಯಾಗಿ ಬರಲೂಬಹುದು.

ಉಪಯೋಗಸಂಸ್ಥೆ ಎಂದರೆ ಉಣ್ಣುವ ನಿಯಮ. ಬಿಸಿಯಾಗಿ, ಸ್ನಿಗ್ಧವಾಗಿ, ಹಿಂದಿನ ಊಟ ಜೀರ್ಣವಾದ ಮೇಲೆ, ಅತಿ ಬೇಗವೂ ಅಲ್ಲದೆ ಅತಿ ತಡವೂ ಅಲ್ಲದೆ, ಮಾತು ನಗೆಗಳಿಲ್ಲದೆ ಮನಸ್ಸಿಟ್ಟು ಉಣ್ಣಬೇಕು. 1980ರ ದಶಕದಿಂದ ಬೆಂಗಳೂರಿನಲ್ಲಿ ಹಬ್ಬಿದ ದರ್ಶಿನಿಗಳು ಅಗ್ಗದಲ್ಲಿ, ಕಣ್ಣೆದುರಿನಲ್ಲಿ, ಬಿಸಿಯಾಗಿ ತಿಂಡಿ ಒದಗಿಸಿದ ಉಪಕಾರ ದೊಡ್ಡದು. ಬೆಳಗಿನ ತಿಂಡಿಗೆ ಅವು ಸರಿಯೇ. ಆದರೆ ದಿನದ ಮುಖ್ಯ ಊಟವನ್ನು ನಿಂತು, ಐದು ನಿಮಿಷದಲ್ಲಿ, ಒಂದು ಕೈಯಲ್ಲಿ ಮೊಬೈಲು ಹಿಡಿದು ಮುಗಿಸುವುದು ಹಿತವಲ್ಲ. ಕುಳಿತು ಉಣ್ಣುವ ಜಾಗವನ್ನೇ ಆರಿಸಬೇಕು. ಮೊಬೈಲಿನಲ್ಲಿ ತರಿಸಿದ ಊಟವೂ ಬಿಸಿಬಿಸಿಯಾಗಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧ ಗಂಟೆ ಬೆವರಿ ಬರುತ್ತದೆ. ಅದು ಅನಿವಾರ್ಯದ ದಿನಕ್ಕೆ ಮಾತ್ರ ಇರಲಿ.

ಉಪಯೋಕ್ತಾ ಎಂದರೆ ಉಣ್ಣುವವನು. ನೆರೆಯವನಿಗೆ ಹಿತವಾದುದು ನಿಮಗೂ ಹಿತವಾಗಬೇಕೆಂದಿಲ್ಲ. ಸಾವಿರ ಜನ ಹೊಗಳಿದ ಹೋಟೆಲಿನಲ್ಲಿ ಉಂಡು ನಿಮಗೆ ಬಾಯಾರಿಕೆ, ಭಾರ, ಹುಳಿತೇಗು ಬಂದರೆ, ಆ ಹೊಗಳಿಕೆಗಿಂತ ನಿಮ್ಮ ಹೊಟ್ಟೆಯ ಸಾಕ್ಷಿಯೇ ದೊಡ್ಡದು. ಉಂಡ ಮೂರು ನಾಲ್ಕು ಗಂಟೆಗಳ ಬಳಿಕ ಮೈ ಹಗುರವಾಗಿ, ಶುದ್ಧವಾದ ತೇಗು ಬಂದು, ಸಹಜವಾದ ಹಸಿವು ಮೂಡಿದರೆ ಆ ಊಟ ನಿಮಗೆ ಒಗ್ಗಿತೆಂದು ತಿಳಿಯಿರಿ.

ಖಾನಾವಳಿಯನ್ನು ಗುರುತಿಸುವ ಬಗೆ

'ಖಾನಾವಳಿ' ಎಂಬುದು ಮರಾಠಿಯ ಸಂಪರ್ಕದಿಂದ ನಮ್ಮ ಭಾಗದಲ್ಲಿ ನೆಲೆನಿಂತ ಪದ. ಮನೆ ಬಿಟ್ಟು ಬಂದ ವಿದ್ಯಾರ್ಥಿಗಳಿಗೆ, ನೌಕರರಿಗೆ ತಿಂಗಳ ಲೆಕ್ಕದಲ್ಲಿ ಮನೆಯೂಟ ಹಾಕುತ್ತಿದ್ದ ಸ್ಥಳಗಳಿವು. ಹುಬ್ಬಳ್ಳಿ ಧಾರವಾಡಗಳಲ್ಲಿ ಎಷ್ಟೋ ತಾಯಂದಿರು ಖಾನಾವಳಿ ನಡೆಸಿಯೇ ಸಂಸಾರ ಸಾಗಿಸಿದ್ದಾರೆ. ಅಪ್ಪಟ ಸಸ್ಯಾಹಾರವೆಂದು ಸೂಚಿಸಲು 'ಲಿಂಗಾಯತ ಖಾನಾವಳಿ' ಎಂದು ಫಲಕ ಬರೆಯುವ ರೂಢಿಯೂ ಉಂಟು. ಇಂದು ಆ ಫಲಕ ಬೆಂಗಳೂರಿನಲ್ಲೂ ಕಾಣುತ್ತದೆ. ಮೆಜೆಸ್ಟಿಕ್ಕಿಗೆ ಹತ್ತಿರದ ಗಾಂಧಿನಗರ, ಹಾಗೆಯೇ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮುಂತಾದ, ಉತ್ತರ ಕರ್ನಾಟಕದವರು ಹೆಚ್ಚಾಗಿ ನೆಲೆಸಿದ ಬಡಾವಣೆಗಳಲ್ಲಿ ರೊಟ್ಟಿಯೂಟದ ಮನೆಗಳು ಸಿಗುತ್ತವೆ. ಬಸವನಗುಡಿಯಲ್ಲಿ ಬ್ಯೂಗಲ್ ರಾಕ್ ಬಳಿಯ ಕಾಮತ್ ಹೋಟೆಲು ಜೋಳದ ರೊಟ್ಟಿಯ ಊಟಕ್ಕೆ ಹೆಸರಾಗಿದೆ.

ಆದರೆ ಹೆಸರಿನ ಪಟ್ಟಿಗಿಂತ ಗುರುತಿನ ಪಟ್ಟಿ ಹೆಚ್ಚು ಉಪಯುಕ್ತ. ಹೋಟೆಲುಗಳು ಕೈ ಬದಲಾಗುತ್ತವೆ, ಅಡುಗೆಯವರು ಬದಲಾಗುತ್ತಾರೆ. ಆದ್ದರಿಂದ ಸದ್ಭಕ್ತರು ಈ ಕೆಲವು ಲಕ್ಷಣಗಳನ್ನು ನೆನಪಿಡಬೇಕು.

ಮೊದಲನೆಯದು ಸದ್ದು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದ್ದರೆ ರೊಟ್ಟಿ ಆಗಲೇ ಆಗುತ್ತಿದೆ ಎಂದರ್ಥ. ಎರಡನೆಯದು ರೊಟ್ಟಿಯ ಮೈ. ಹೊಸ ಹಿಟ್ಟಿಗೆ ಜಿಗಿ ಇರುತ್ತದೆ. ಅಂತಹ ರೊಟ್ಟಿ ಉಬ್ಬುತ್ತದೆ, ಮಡಚಿದರೆ ಮುರಿಯುವುದಿಲ್ಲ, ನಾಲಿಗೆಗೆ ಸಿಹಿ. ಬಹುದಿನದ ಹಿಟ್ಟಿನ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ, ತುಸು ಕಹಿ ತೋರುತ್ತದೆ. ಜಿಗಿಗಾಗಿ ಮೈದಾ ಬೆರೆಸಿದ್ದರೆ ರೊಟ್ಟಿ ಆರಿದ ಮೇಲೆ ರಬ್ಬರಿನಂತೆ ಎಳೆಯುತ್ತದೆ. ಮೂರನೆಯದು ಕಾಳು ಮತ್ತು ಸೊಪ್ಪು. ಹೆಸರು, ಮಡಕಿ, ಅಲಸಂದಿ ಕಾಳುಗಳ ಪಲ್ಯವೊಂದು, ಮೆಂತ್ಯ, ಪುಂಡಿ, ರಾಜಗಿರಿಯಂತಹ ಸೊಪ್ಪೊಂದು ದಿನದಿನವೂ ಬದಲಾಗುತ್ತಿದ್ದರೆ ಅಲ್ಲಿ ಮನೆಯ ಕ್ರಮವಿದೆ. ವರ್ಷವಿಡೀ ಅದೇ ಎರಡು ಪಲ್ಯವಾದರೆ ಯೋಚಿಸಬೇಕು. ನಾಲ್ಕನೆಯದು ಉಣ್ಣುವವರು. ನಿತ್ಯ ಬರುವ ಸಾಮಾನ್ಯ ನೌಕರರು, ಚಾಲಕರು, ಮುದುಕರು ಅಲ್ಲಿ ಕುಳಿತು ಉಣ್ಣುತ್ತಿದ್ದರೆ ಅದಕ್ಕಿಂತ ಒಳ್ಳೆಯ ಪ್ರಮಾಣಪತ್ರವಿಲ್ಲ. ದಿನವೂ ಉಣ್ಣುವವನು ಹೊಟ್ಟೆ ಕೆಡಿಸುವ ಜಾಗಕ್ಕೆ ಎರಡನೆಯ ತಿಂಗಳು ಬರುವುದಿಲ್ಲ. ಕೊನೆಯದಾಗಿ ನೀರು, ಕೈ ತೊಳೆಯುವ ಜಾಗ, ಮತ್ತು ಗೋಡೆಯ ಮೇಲೆ 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆ. ಇವನ್ನು ನೋಡಿಯೇ ಕುಳಿತುಕೊಳ್ಳಿ.

ದುರ್ಲಭ ಪದಾರ್ಥಗಳು

ದಿನವೂ ಹೊರಗೆ ಉಣ್ಣುವುದು ಎಂತಹ ಉತ್ತಮ ಖಾನಾವಳಿಯಲ್ಲೂ ಪೂರ್ಣ ಹಿತವಲ್ಲ. ಒಂದು ಒಲೆ, ಒಂದು ಹಂಚು ಇರುವವರು ಪದಾರ್ಥಗಳನ್ನು ಸಂಪಾದಿಸಿಕೊಂಡು ವಾರದಲ್ಲಿ ನಾಲ್ಕು ದಿನವಾದರೂ ಮನೆಯಲ್ಲಿ ಮಾಡಿಕೊಳ್ಳಬೇಕು.

ಬಿಳಿಜೋಳ: ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ ಸೀಮೆಯ ಎರೆಹೊಲದಲ್ಲಿ ಹಿಂಗಾರಿಗೆ ಬೆಳೆದ ಜೋಳ ರೊಟ್ಟಿಗೆ ಶ್ರೇಷ್ಠ. ಅಂಗಡಿಯ ಹಿಟ್ಟಿನ ಚೀಲಕ್ಕಿಂತ ಕಾಳನ್ನೇ ಕೊಂಡು, ಹದಿನೈದು ದಿನಕ್ಕಾಗುವಷ್ಟನ್ನು ಮಾತ್ರ ಬಡಾವಣೆಯ ಗಿರಣಿಯಲ್ಲಿ ಬೀಸಿಸಿಕೊಳ್ಳುವುದು ಮೇಲು. ರೊಟ್ಟಿಯೂಟದ ಮನೆಗಳಿರುವ ಬೀದಿಗಳ ಕಿರಾಣಿ ಅಂಗಡಿಗಳಲ್ಲಿ ವಿಚಾರಿಸಿದರೆ ಜೋಳ, ಗುರೆಳ್ಳು, ಅಗಸಿ, ಕುಸುಬೆ ಎಣ್ಣೆ, ಬ್ಯಾಡಗಿ ಮೆಣಸಿನಕಾಯಿ, ಕಲಬುರಗಿಯ ತೊಗರಿಬೇಳೆ ಎಲ್ಲವೂ ಒಂದೆಡೆ ಸಿಗುವುದುಂಟು. ಖಾನಾವಳಿಯವರನ್ನೇ ಕೇಳುವುದು ಎಲ್ಲಕ್ಕಿಂತ ಸುಲಭ. ಅವರಿಗೂ ಇವು ನಿತ್ಯ ಬೇಕಲ್ಲವೇ!

ಕಟಕ ರೊಟ್ಟಿ: ಒಲೆಯೇ ಇಲ್ಲದ ವಸತಿಗೃಹಗಳಲ್ಲಿರುವ ಮಕ್ಕಳಿಗೆ ಇದು ವರ. ತೇವ ತಾಗದಂತೆ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಒಂದು ಕಟಕ ರೊಟ್ಟಿ, ಎಣ್ಣೆ ಕಲಸಿದ ಶೇಂಗಾ ಹಿಂಡಿ, ಹಗಲಾದರೆ ಮೊಸರು, ಒಂದು ಸೌತೆಕಾಯಿ ಅಥವಾ ಗಜ್ಜರಿ: ಬೆಂಕಿಯಿಲ್ಲದೆ ಒಂದು ಪೂರ್ಣ ಊಟ. ರಾತ್ರಿಯ ಹೊತ್ತು ಮೊಸರು ವರ್ಜ್ಯ. ತೆಳುವಾದ ಮಜ್ಜಿಗೆ ಸಾಕು. ಹಲ್ಲಿಲ್ಲದ ಹಿರಿಯರು ರೊಟ್ಟಿಯನ್ನು ಬಿಸಿ ಬೇಳೆಸಾರಿನಲ್ಲಿ ನೆನೆಸಿ ಉಣ್ಣಬೇಕು.

ರಾತ್ರಿ ಬಸ್ಸಿನಲ್ಲಿ ಮಕ್ಕಳಿಗೆ ಬುತ್ತಿ ಕಳಿಸುವ ತಾಯಂದಿರಿಗೆ ಒಂದು ಮಾತು. ಕಟಕ ರೊಟ್ಟಿ, ಹಿಂಡಿಗಳು, ಹುರಿದ ಶೇಂಗಾ, ಮಾದಲಿ, ಉಪ್ಪಿನಕಾಯಿ ಕಳಿಸಿರಿ. ಪಲ್ಯ, ಚಟ್ನಿ, ಬೇಯಿಸಿದ ಕಾಳು ಮುಂತಾದ ತೇವದ ಪದಾರ್ಥಗಳು ಬೇಡ. ಹತ್ತು ಹನ್ನೆರಡು ತಾಸು ಡಬ್ಬಿಯಲ್ಲಿ ಕುಳಿತ ಪಲ್ಯ ಪ್ರೀತಿಯಿಂದ ಹೊರಟರೂ ಹಳಸಿ ತಲುಪುತ್ತದೆ.

ಜವೆ ಗೋಧಿ: ಹುಗ್ಗಿಗೆ, ಶಾವಿಗೆಗೆ ನಮ್ಮ ಹಿರಿಯರು ಬಳಸುತ್ತಿದ್ದ ಈ ಪುರಾತನ ಗೋಧಿ ಊರಿನಲ್ಲಿಯೇ ಅಪರೂಪವಾಗಿದೆ. ಬೆಂಗಳೂರಿನ ಸಾವಯವ ಅಂಗಡಿಗಳಲ್ಲಿ, ಮೇಳಗಳಲ್ಲಿ ಇದು ಆಗಾಗ ಸಿಗುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು ಜಿಕೆವಿಕೆ ಆವರಣದಲ್ಲಿ ಸಾಮಾನ್ಯವಾಗಿ ನವೆಂಬರಿನಲ್ಲಿ ನಡೆಸುವ ಕೃಷಿ ಮೇಳ ಇಂತಹ ಬೀಜಧಾನ್ಯಗಳನ್ನು ಬೆಳೆಗಾರರಿಂದಲೇ ಕೊಳ್ಳುವ ಸುಸಂದರ್ಭ.

ಸಿರಿಧಾನ್ಯ: ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ನವಣೆ, ಸಾಮೆ, ಊದಲು, ಹಾರಕ, ಬರಗು, ಕೊರಲೆಗಳು ಅಂಗಡಿ ಅಂಗಡಿಯಲ್ಲೂ ಕಾಣುತ್ತಿವೆ. ಬಿಳುಪಾಗಿ ಹೊಳೆಯುವಷ್ಟು ಪಾಲಿಶ್ ಮಾಡಿದುದನ್ನು ಬಿಟ್ಟು, ತವುಡಿನ ಬಣ್ಣ ಉಳಿದಿರುವುದನ್ನು ಆರಿಸಿರಿ. ಹೊಸ ಧಾನ್ಯ ಗುರು. ಒಂದು ವರ್ಷ ಹಳೆಯದು ಲಘು ಎಂಬ ಶಾಸ್ತ್ರದ ಮಾತು ಮಂದಾಗ್ನಿಯವರಿಗೆ ಇಲ್ಲಿಯೂ ನೆನಪಿರಲಿ.

ಇರುವ ಊರಿನ ಉಣಿಸು

ನಮ್ಮ ಊರಿನದಷ್ಟೇ ಶ್ರೇಷ್ಠವೆಂಬ ಹಟ ಸಲ್ಲದು. ನಾವು ಇರುವ ನೆಲ, ಅಲ್ಲಿಯ ಗಾಳಿ ನೀರುಗಳಿಗೆ ತಕ್ಕ ಆಹಾರವನ್ನೂ ದೇಹಕ್ಕೆ ಪರಿಚಯಿಸಬೇಕು. ಬೆಂಗಳೂರಿನ ಸುತ್ತಮುತ್ತ ಅಂತಹ ಸಂಪತ್ತು ಸಾಕಷ್ಟಿದೆ. ರಾಗಿ ಮುದ್ದೆ, ಉಪ್ಸಾರು, ಬಸ್ಸಾರುಗಳ ಊಟ ನಮ್ಮ ರೊಟ್ಟಿ ಪಲ್ಯಕ್ಕೆ ಅಕ್ಕತಂಗಿಯೇ ಸರಿ. ಬೇಳೆಕಾಳು ಸೊಪ್ಪು ಬೆಂದ ನೀರನ್ನೇ ಸಾರಾಗಿಸುವ ಬಸ್ಸಾರು ಲಘುವೂ ಪುಷ್ಟಿಕರವೂ ಹೌದು. ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುವುದು ಅಲ್ಲಿಯ ರೂಢಿ. ರೂಢಿಯಿಲ್ಲದ ನಮ್ಮವರು ಸಣ್ಣ ತುತ್ತಿನಿಂದ ಆರಂಭಿಸಲಿ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ. ಮಾಗಡಿ ಸೀಮೆಯದಕ್ಕೆ ಹೆಚ್ಚಿನ ಹೆಸರು. ವಿಶ್ವೇಶ್ವರಪುರದ ಸಜ್ಜನರಾವ್ ವೃತ್ತದ ತಿಂಡಿ ಬೀದಿಯಲ್ಲಿ ಹೆಸರಾದ ಅವರೆ ಮೇಳವೂ ಇದೇ ಋತುವಿನದು. ಹೇಮಂತದಲ್ಲಿ ಜಠರಾಗ್ನಿ ಪ್ರಬಲವಾಗಿರುವುದರಿಂದ ಶೇಂಗಾ, ಅವರೆ, ಎಳ್ಳು, ಬೆಲ್ಲ ಆಗ ಜೀರ್ಣವಾಗುತ್ತವೆ. ವಾತಪ್ರಕೃತಿಯವರು ಸಿಪ್ಪೆ ತೆಗೆದ ಹಿತುಕಿದ ಅವರೆಯನ್ನೇ, ಶುಂಠಿ ಇಂಗುಗಳೊಡನೆ ಸೇವಿಸಲಿ. ಬೇಸಿಗೆಗೆ ರಾಮನಗರ, ಶ್ರೀನಿವಾಸಪುರಗಳ ಮಾವು, ದೊಡ್ಡಬಳ್ಳಾಪುರ ಬಳಿಯ ತೂಬಗೆರೆಯ ಹಲಸು. ಭೌಗೋಳಿಕ ಸೂಚಕ ಪಡೆದ ದೇವನಹಳ್ಳಿ ಚಕ್ಕೋತ ಮತ್ತು ನಂಜನಗೂಡು ರಸಬಾಳೆ ಈಗ ಬಹು ವಿರಳ, ಸಿಕ್ಕರೆ ಬಿಡಬೇಡಿ. ಹಾಪ್‌ಕಾಮ್ಸ್ ಮಳಿಗೆಗಳಲ್ಲಿ, ಗಾಂಧಿ ಬಜಾರಿನಲ್ಲಿ, ಮಲ್ಲೇಶ್ವರದ ಮಾರುಕಟ್ಟೆಯಲ್ಲಿ ವಿಚಾರಿಸುತ್ತಿರಬೇಕು.

ಹೆಸರಾಂತ ಹಳೆಯ ಹೋಟೆಲುಗಳೂ ಊರಿನ ಚರಿತ್ರೆಯ ಭಾಗವೇ. 1924ರಲ್ಲಿ ಆರಂಭವಾದ ಎಂಟಿಆರ್, 1943ರಲ್ಲಿ ಆರಂಭವಾದ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಇಂದಿಗೂ ಜನರನ್ನು ಸಾಲಿನಲ್ಲಿ ನಿಲ್ಲಿಸುತ್ತವೆ. ತಿಂಗಳಿಗೊಮ್ಮೆ ತುಪ್ಪದ ದೋಸೆ ತಿಂದರೆ ಆರೋಗ್ಯವಂತನಿಗೆ ದೋಷವಿಲ್ಲ. ಅದನ್ನು ನಿತ್ಯದ ಉಪಾಹಾರವಾಗಿಸಿಕೊಂಡರೆ ತೊಂದರೆ.

ಕೆಲವು ಎಚ್ಚರಿಕೆಗಳು

ಮಧುಮೇಹಿಗಳು ಜೋಳ, ರಾಗಿ, ಸಿರಿಧಾನ್ಯಗಳನ್ನು ಔಷಧವೆಂದು ತಿಳಿದು ಮನಬಂದಂತೆ ಉಣ್ಣುವುದನ್ನು ನಾವು ಕಾಣುತ್ತಿದ್ದೇವೆ. ಇವೂ ಪಿಷ್ಟವುಳ್ಳ ಧಾನ್ಯಗಳೇ. ಎರಡು ರೊಟ್ಟಿ ಹಿತ. ಐದು ರೊಟ್ಟಿ ರಕ್ತದ ಸಕ್ಕರೆಯನ್ನು ಏರಿಸದೆ ಬಿಡದು. ವೈದ್ಯರು ಕೊಟ್ಟ ಗುಳಿಗೆಯನ್ನು ಆಹಾರದ ಭರವಸೆಯ ಮೇಲೆ ನಿಲ್ಲಿಸಬಾರದು. ರಕ್ತದೊತ್ತಡ ಉಳ್ಳವರು ಹೋಟೆಲಿನ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳ ಉಪ್ಪನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎದೆಯುರಿಯು ಎರಡು ಮೂರು ವಾರ ಬಿಡದಿದ್ದರೆ, ನುಂಗಲು ತಡೆಯಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲ ಕಪ್ಪಾಗಿ ಹೋದರೆ, ಊಟ ಬದಲಿಸುತ್ತ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು. ಎದೆ ಬಿಗಿದು, ಬೆವರು ಬಂದು, ನೋವು ತೋಳಿಗೋ ದವಡೆಗೋ ಹರಿದರೆ ಅದನ್ನು "ಹೋಟೆಲ್ ಊಟದ ಗ್ಯಾಸು" ಎಂದು ಸೋಡಾ ಕುಡಿದು ಮಲಗುವುದು ಪ್ರಾಣಾಂತಿಕ. ಒಡನೆಯೇ ಹೃದ್ರೋಗದ ವ್ಯವಸ್ಥೆಯುಳ್ಳ ಆಸ್ಪತ್ರೆಗೆ ಧಾವಿಸಬೇಕು.

ಕಾಲುಭಾಗದ ಕ್ರಮ

ಈ ಲೇಖನವನ್ನು ಓದಿ ನಾಳೆಯೇ ಎಲ್ಲವನ್ನೂ ಬದಲಿಸಲು ಹೊರಡಬೇಡಿ. ಅಹಿತವಾದ ರೂಢಿಯನ್ನು ಕಾಲುಭಾಗದಂತೆ ಬಿಡುತ್ತ, ಹಿತವಾದುದನ್ನು ಕಾಲುಭಾಗದಂತೆ ಕೂಡಿಸಿಕೊಳ್ಳುತ್ತ ಹೋಗಬೇಕೆಂದು ಚರಕರು ಹೇಳಿದ್ದಾರೆ. ಮಗನು ದಿನಕ್ಕೆ ಎರಡು ಹೊತ್ತು ಬೇಕರಿ ತಿನಿಸಿನ ಮೇಲೆ ಬದುಕುತ್ತಿದ್ದರೆ ಮೊದಲ ವಾರ ಒಂದು ಹೊತ್ತನ್ನು ಮಾತ್ರ ಬದಲಿಸಲಿ. ವಾಸದ ಜಾಗದಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಒಳ್ಳೆಯ ಊಟದ ಮನೆಯನ್ನು ಹುಡುಕಿಕೊಳ್ಳಲಿ. ಮುಂದಿನ ವಾರ ಒಂದು ಗಿರಣಿಯನ್ನು, ಆಮೇಲೆ ಒಂದು ಕಾಳಿನ ಅಂಗಡಿಯನ್ನು ಗುರುತು ಮಾಡಿಕೊಳ್ಳಲಿ. ಎರಡು ತಿಂಗಳಲ್ಲಿ ಅವನ ಊಟಕ್ಕೊಂದು ಕ್ರಮ ಬರುತ್ತದೆ.

ಊರಿನಲ್ಲಿರುವ ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೆ. ಫೋನಿನಲ್ಲಿ "ಊಟ ಆಯಿತೇ?" ಎಂದು ಕೇಳುವುದು ನಮ್ಮ ಸಂಪ್ರದಾಯ. "ಆಯಿತು" ಎಂಬ ಒಂದೇ ಮಾತಿಗೆ ತೃಪ್ತರಾಗಬೇಡಿ. ಏನು ಉಂಡೆ, ಎಲ್ಲಿ ಉಂಡೆ, ಎಷ್ಟು ಹೊತ್ತಿಗೆ ಉಂಡೆ, ಕುಳಿತು ಉಂಡೆಯಾ ಎಂದು ಕೇಳಿರಿ. ಈ ನಾಲ್ಕು ಪ್ರಶ್ನೆಗಳಿಗೆ ಮಕ್ಕಳು ನಿರಾಳವಾಗಿ ಉತ್ತರಿಸುವಂತಾದರೆ ಅವರ ಆರೋಗ್ಯದ ಚಿಂತೆಯಲ್ಲಿ ಅರ್ಧ ಪಾಲು ಕಳೆಯಿತೆಂದೇ ತಿಳಿಯಿರಿ.